ಬೀಡು ಕಬ್ಬಿಣ: ಒಂದು ಸೇತುವೆಯಿಂದ ತಿಳಿಯುವ ಪದ

ಬೀಡಿನ ದೋಸೆ ಕಾವಲಿ ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ ಬಗ್ಗುವುದಿಲ್ಲ, ಹೋಳಾಗುತ್ತದೆ. ಕಬ್ಬಿಣದಲ್ಲಿ ನೂರಕ್ಕೆ ಸುಮಾರು 2ರಿಂದ 4ರಷ್ಟು ಇಂಗಾಲ ಸೇರಿದರೆ ಅದು ಬೀಡು. ಇಂಗಾಲದಿಂದಾಗಿ ಕಡಿಮೆ ಶಾಖಕ್ಕೇ ಕರಗುತ್ತದೆ, ಅಚ್ಚಿಗೆ ಹೊಯ್ಯುವುದು ಸುಲಭ. ಅದೇ ಇಂಗಾಲ ಅದನ್ನು ಪೆಡಸಾಗಿಸುತ್ತದೆ. ಎಷ್ಟು ಒತ್ತಿದರೂ ತಾಳಿಕೊಳ್ಳುವ ಬೀಡು, ಎಳೆದರೆ ಬಿರಿಯುತ್ತದೆ.

ಈ ಗುಣವನ್ನು ಇಂಗ್ಲೆಂಡಿನ ಸೆವರ್ನ್ ನದಿಯ ಮೇಲಿರುವ ಐರನ್ ಬ್ರಿಡ್ಜ್‌ನಷ್ಟು ಚೆನ್ನಾಗಿ ಹೇಳುವ ಕಟ್ಟಡ ನನಗೆ ಬೇರೆ ಕಾಣುವುದಿಲ್ಲ. ಕೋಲ್‌ಬ್ರೂಕ್‌ಡೇಲ್‌ನಲ್ಲಿ 1709ರಲ್ಲಿ ಮೊದಲನೆಯ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ (ಗಾಳಿಯಾಡದಂತೆ ಕಾಯಿಸಿದ ಕಲ್ಲಿದ್ದಲು) ಉರಿಸಿ ಕಬ್ಬಿಣ ಕರಗಿಸಿದ. ಅವನ ಮೊಮ್ಮಗ, ಮೂರನೆಯ ಅಬ್ರಹಾಂ ಡಾರ್ಬಿ, 1779ರಲ್ಲಿ ಅಲ್ಲೇ ಸಮೀಪದಲ್ಲಿ ಸೇತುವೆ ನಿಲ್ಲಿಸಿದ. ನಕ್ಷೆ ಥಾಮಸ್ ಪ್ರಿಚರ್ಡ್‌ನದು. ಅದು ಮೇಲೇಳುವುದನ್ನು ನೋಡಲು ಅವನು ಬದುಕಿರಲಿಲ್ಲ. ಹರವು ಸುಮಾರು 30 ಮೀಟರ್, ಕಬ್ಬಿಣ 378 ಟನ್. 1781ರ ಜನವರಿ 1ರಂದು ಸಂಚಾರಕ್ಕೆ ತೆರೆಯಿತು.

ಕಬ್ಬಿಣದಲ್ಲಿ ಅಷ್ಟು ದೊಡ್ಡ ಸೇತುವೆ ಕಟ್ಟಿ ಅನುಭವವಿದ್ದವರು ಆಗ ಯಾರೂ ಇರಲಿಲ್ಲ. ಹಾಗಾಗಿ ಬಡಗಿಯ ಕೆಲಸವನ್ನೇ ಕಬ್ಬಿಣಕ್ಕೆ ತಂದರು: ತೂತಿಗೆ ಕೂರುವ ಗೂಟ, ಪಾರಿವಾಳದ ಬಾಲದಂಥ ಕೀಲು, ಸಂದಿಗೆ ಬಡಿಯುವ ಬೆಣೆ. ಆಕಾರ ಮಾತ್ರ ಕಲ್ಲುಕುಟಿಗರದು, ಕಮಾನು. ಕಮಾನಿನ ಮೇಲೆ ಬಿದ್ದ ಭಾರ ಒತ್ತಡವಾಗಿ ಎರಡೂ ದಡಕ್ಕೆ ಇಳಿಯುತ್ತದೆ. ಬೀಡಿಗೆ ಬೇಕಿದ್ದದ್ದು ಅದೇ. 1795ರಲ್ಲಿ ಸೆವರ್ನ್ ಉಕ್ಕಿ ಹರಿದು ಹಲವು ಸೇತುವೆಗಳು ಹಾಳಾದಾಗಲೂ ಇದು ಅಲುಗಲಿಲ್ಲ.

ಅದೇ ಬೀಡನ್ನು ತೊಲೆಯಾಗಿ ಅಡ್ಡ ಮಲಗಿಸಿದರೆ ಕಥೆ ಬೇರೆ. ತೊಲೆಗೆ ಭಾರ ಬಿದ್ದಾಗ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಅಂಚು ಎಳೆತಕ್ಕೆ ಸಿಗುತ್ತದೆ. 1847ರ ಮೇ ತಿಂಗಳಲ್ಲಿ ಚೆಸ್ಟರ್ ಬಳಿ ಡೀ ನದಿಯ ರೈಲು ಸೇತುವೆಯ ಬೀಡಿನ ತೊಲೆಯೊಂದು ರೈಲು ಹಾಯುವಾಗಲೇ ಮುರಿದು ಐವರು ಸತ್ತರು. ಕಬ್ಬಿಣದಲ್ಲೇ ಇನ್ನೊಂದು ಬಗೆ, ಬಡಿದು ಹದಮಾಡಿದ ಮೆದು ಕಬ್ಬಿಣ, ಎಳೆತವನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ. ಮುಂದೆ ರೈಲು ಸೇತುವೆಗಳ ತೊಲೆಗೆ ಅದು ಬಂತು, ಆಮೇಲೆ ಉಕ್ಕು.

ಐರನ್ ಬ್ರಿಡ್ಜ್‌ನಲ್ಲೂ ಬಿರುಕು ಬಿಟ್ಟ ತುಂಡುಗಳಿವೆ, ಪಟ್ಟಿ ಕಟ್ಟಿ ಹಿಡಿಸಿದ್ದಾರೆ. ಅದನ್ನು ಕಾಡಿದ್ದು ಮುಖ್ಯವಾಗಿ ನೆಲ: ಎರಡೂ ದಡ ನದಿಯತ್ತ ಸರಿಯುತ್ತ ಕಮಾನನ್ನು ಹಿಂಡುತ್ತಿದ್ದವು. 1934ರಲ್ಲಿ ವಾಹನಗಳನ್ನು ನಿಲ್ಲಿಸಿದರು. 1970ರ ದಶಕದಲ್ಲಿ ನದಿಯ ತಳದಲ್ಲಿ ಕಾಂಕ್ರೀಟ್ ಹಾಕಿ ದಡಗಳನ್ನು ದೂರ ಹಿಡಿದರು. ಈಗಲೂ ಜನ ಅದರ ಮೇಲೆ ನಡೆದು ನದಿ ದಾಟುತ್ತಾರೆ.