ಪಕ್ಕದ ಖೋಲಿಯ ಹುಳ

ನನ್ನ ಅಕ್ಕನ ಮಗ ಈ ವರ್ಷ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಸೇರಿದ. ಶಹಾಪುರದಿಂದ ಬಸ್ಸಿನಲ್ಲಿ ಟ್ರಂಕು, ಗಾದಿ, ಖಡಕ್ ರೊಟ್ಟಿಯ ಗಂಟು ಎಲ್ಲಾ ಹೊತ್ತು ಬಂದಿದ್ದ. ಹೆಗಲಿಗೆ ಹೊಸ ಲ್ಯಾಪ್‌ಟಾಪ್. ಹಾಸ್ಟೆಲ್ ಖೋಲಿಯಲ್ಲಿ ಸಾಮಾನು ಇಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. "ಮಾಮಾ, ವೈಫೈ ಪಾಸ್‌ವರ್ಡ್ ಸಿಕ್ಕದ. ಹಚ್ಚಲೇನು?" ಎಂದ.

"ತಡಿ" ಅಂದೆ. ನನಗೆ ನೆನಪಾದದ್ದು ನನ್ನದೇ ಹಾಸ್ಟೆಲಿನ ಒಂದು ಸಂಜೆ.

2003ರ ಆಗಸ್ಟ್ ತಿಂಗಳು. ಊರಿನ ಹೆಸರು ಆಗಿನ್ನೂ ಗುಲಬರ್ಗಾ. ಎಂಟು ಹತ್ತು ಖೋಲಿಗಳ ಕಂಪ್ಯೂಟರುಗಳನ್ನು ನಾವೇ ವೈರ್ ಎಳೆದು ಒಂದು ನೆಟ್‌ವರ್ಕ್ ಸ್ವಿಚ್‌ಗೆ, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಕೂಡಿಸುವ ಡಬ್ಬಿಗೆ, ಜೋಡಿಸಿದ್ದೆವು. ಗೇಮ್ ಆಡೋದಕ್ಕೆ, ನೋಟ್ಸ್ ಹಂಚಿಕೊಳ್ಳೋದಕ್ಕೆ. ಇಂಟರ್ನೆಟ್ ಇದ್ದದ್ದು ಒಬ್ಬನಿಗೆ ಮಾತ್ರ, ಅದೂ ಫೋನ್ ಲೈನಿನ ಮೇಲೆ. ಆ ಸಂಜೆ ನನ್ನ ಪರದೆಯ ಮೇಲೆ ಒಂದು ಚೌಕ ಬಂತು. ಕಂಪ್ಯೂಟರ್ ಆಫ್ ಆಗಲಿದೆ, ಕೆಲಸ ಸೇವ್ ಮಾಡಿಕೊಳ್ಳಿ ಎಂದಿತ್ತು. ಕೆಳಗೆ 60, 59, 58 ಎಂದು ಸೆಕೆಂಡುಗಳು ಇಳಿಯುತ್ತಿದ್ದವು. ಆಫ್ ಆಯಿತು. ಮತ್ತೆ ಹಾಕಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಪಕ್ಕದ ಖೋಲಿಯಲ್ಲೂ ಅದೇ. ನಾನು ಯಾವ ಸೈಟನ್ನೂ ನೋಡಿರಲಿಲ್ಲ, ಯಾವ ಇ-ಮೇಲನ್ನೂ ತೆರೆದಿರಲಿಲ್ಲ. ನನ್ನ ಕಂಪ್ಯೂಟರ್ ಇಂಟರ್ನೆಟ್ಟಿಗೆ ಹೋಗಿಯೇ ಇರಲಿಲ್ಲ. ಬಂದದ್ದು ಪಕ್ಕದ ಖೋಲಿಯಿಂದ.

ಅದರ ಹೆಸರು ಬ್ಲಾಸ್ಟರ್. ಅದು ವೈರಸ್ ಅಲ್ಲ, ಹುಳ. ವೈರಸ್ ಹರಡಬೇಕಾದರೆ ಯಾರಾದರೂ ಒಂದು ಫೈಲ್ ತೆರೆಯಬೇಕು. ಹುಳಕ್ಕೆ ಯಾರ ಸಹಾಯವೂ ಬೇಡ. ಕಂಪ್ಯೂಟರ್ ಆನ್ ಇದ್ದು, ವೈರ್ ಹಚ್ಚಿದ್ದರೆ ಸಾಕು.

ಅದು ಒಳಗೆ ಬರುವ ದಾರಿ ತಿಳಿದರೆ ಉಳಿದದ್ದೆಲ್ಲ ಸುಲಭ. ಪ್ರತಿ ಕಂಪ್ಯೂಟರಿಗೂ ನೆಟ್‌ವರ್ಕ್ ಕಡೆಗೆ 0ಯಿಂದ 65,535ರವರೆಗೆ ನಂಬರ್ ಇರುವ ಬಾಗಿಲುಗಳಿವೆ. ಅವನ್ನು ಪೋರ್ಟ್ ಅನ್ನುತ್ತಾರೆ. ಹೆಚ್ಚಿನವು ಮುಚ್ಚಿರುತ್ತವೆ. ಕೆಲವು ಬಾಗಿಲ ಹಿಂದೆ ಮಾತ್ರ ಒಂದೊಂದು ಪ್ರೋಗ್ರಾಂ ಕಿವಿಗೊಟ್ಟು ಕೂತಿರುತ್ತದೆ. ಬ್ಲಾಸ್ಟರ್ ತಟ್ಟಿದ್ದು 135ನೇ ಬಾಗಿಲು. ಒಂದು ಅರ್ಜಿ ಫಾರ್ಮ್ ನೆನೆಸಿಕೊಳ್ಳಿ. ಹೆಸರು ಬರೆಯಲು ಇಪ್ಪತ್ತು ಮನೆ ಕೊಟ್ಟಿದ್ದಾರೆ. ಯಾರೋ ಬೇಕೆಂದೇ ಇನ್ನೂರು ಅಕ್ಷರ ಬರೆದರು. ಬರಹ ಸಾಲು ದಾಟಿ, ಕೆಳಗಿನ "ಕಚೇರಿ ಉಪಯೋಗಕ್ಕೆ ಮಾತ್ರ" ಎಂಬ ಜಾಗದೊಳಗೂ ಹೋಯಿತು. ಅಲ್ಲಿಗೆ ಬಂದು ಬಿದ್ದ ಅಕ್ಷರಗಳು "ಮಂಜೂರು" ಎಂದಿದ್ದರೆ? ಗುಮಾಸ್ತ ಅದನ್ನೇ ಓದಿ ಮಂಜೂರು ಮಾಡುತ್ತಾನೆ. 135ರ ಹಿಂದಿದ್ದ ಪ್ರೋಗ್ರಾಂ ಬಂದ ಸಂದೇಶದ ಉದ್ದ ನೋಡುತ್ತಿರಲಿಲ್ಲ. ಹುಳ ಉದ್ದನೆಯ ಸಂದೇಶ ಕಳಿಸಿ, ಅದರ ಕೊನೆಯಲ್ಲಿ ತನ್ನ ಆಜ್ಞೆ ಇಡುತ್ತಿತ್ತು. ಕಂಪ್ಯೂಟರ್ ಅದನ್ನು ತನ್ನದೇ ಆಜ್ಞೆ ಅಂದುಕೊಂಡು ಪಾಲಿಸುತ್ತಿತ್ತು.

ನನಗೆ ಇವತ್ತಿಗೂ ಬೇಸರ ಆಗುವುದು ದಿನಾಂಕಗಳನ್ನು ನೋಡಿದಾಗ. ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಬಿಟ್ಟಿತ್ತು. ಹುಳ ಹೊರಟಿದ್ದು ಆಗಸ್ಟ್ 11ಕ್ಕೆ. ನಡುವೆ 26 ದಿನ. ಮುಂದಿನ ವರ್ಷ ಸ್ಯಾಸರ್ ಹುಳ ಬಂದಾಗ ಈ ಅಂತರ 17 ದಿನ. 2017ರ ಮೇ 12ರಂದು ವಾನಾಕ್ರೈ ಎಂಬ ಹುಳ 150 ದೇಶಗಳಲ್ಲಿ 2 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದಕ್ಕೂ ಮದ್ದು ಮಾರ್ಚ್ 14ರಿಂದಲೇ ಸಿಗುತ್ತಿತ್ತು. ಅಪ್‌ಡೇಟ್ ಬಂತೆಂದರೆ ತೂತು ಎಲ್ಲಿದೆ ಎಂಬುದು ಕಳ್ಳರಿಗೂ ಗೊತ್ತಾಗುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಸಾಲು ಬದಲಾಯಿತು ಅಂತ ಕಾಣುತ್ತದೆ, ಅಲ್ವಾ? ಅದಕ್ಕೇ "ಆಮೇಲೆ ಮಾಡ್ತೀನಿ" ಅಂತ ಮುಂದೂಡಿದ ಒಂದೊಂದು ದಿನವೂ ಅವರಿಗೆ ಸಿಕ್ಕ ದಿನ.

ಆದ್ದರಿಂದ ಹುಡುಗನಿಗೆ ಮೊದಲು ಹೇಳಿದ್ದು ಇಷ್ಟೇ. ಹಾಸ್ಟೆಲ್ ವೈಫೈ ಆಮೇಲೆ. ಮೊದಲು ನಿನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಿ ವಿಂಡೋಸ್ ಅಪ್‌ಡೇಟ್ ಮುಗಿಸು. ಹಾಟ್‌ಸ್ಪಾಟಿನಲ್ಲಿ ನಿನ್ನ ಲ್ಯಾಪ್‌ಟಾಪ್ ಒಂದೇ ಇರುತ್ತದೆ, ಅಕ್ಕಪಕ್ಕದವರು ಯಾರೂ ಇರುವುದಿಲ್ಲ. ದಿನದ ಡೇಟಾ ಖಾಲಿ ಆದರೆ ಉಳಿದದ್ದು ನಾಳೆ. ಇದನ್ನು ಊರಿನಲ್ಲೇ ಮುಗಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು. ಅಣ್ಣನ ಹಳೆಯ ಲ್ಯಾಪ್‌ಟಾಪ್ ತಂದವರು ಅದರಲ್ಲಿ ವಿಂಡೋಸ್ 10 ಇದೆಯಾ ಅಂತ ನೋಡಬೇಕು. ಅದಕ್ಕೆ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕಲು ಆಗದಷ್ಟು ಹಳೆಯದಾದರೆ ವಿಂಡೋಸ್ ಬದಲು ಉಬುಂಟು ಎಂಬ ವ್ಯವಸ್ಥೆ ಹಾಕಿಸಿ, ಪುಕ್ಕಟೆ ಸಿಗುತ್ತದೆ.

2003ಕ್ಕಿಂತ ಈಗ ಪರಿಸ್ಥಿತಿ ಎಷ್ಟೋ ಚೆನ್ನಾಗಿದೆ. 2004ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಎಂಬ ದೊಡ್ಡ ಅಪ್‌ಡೇಟಿನಿಂದ ವಿಂಡೋಸ್‌ನ ಫೈರ್‌ವಾಲ್ ತಾನಾಗಿಯೇ ಆನ್ ಇರುತ್ತದೆ. ಫೈರ್‌ವಾಲ್ ಅಂದರೆ ಬಾಗಿಲ ಕಾವಲುಗಾರ. ನೀವು ಕೇಳಿ ತರಿಸಿಕೊಂಡದ್ದನ್ನು ಒಳಗೆ ಬಿಡುತ್ತಾನೆ, ಸುಮ್ನೆ ಬಂದು ತಟ್ಟಿದವರಿಗೆ ಉತ್ತರವನ್ನೇ ಕೊಡುವುದಿಲ್ಲ. ಹಾಸ್ಟೆಲಿನಲ್ಲಿ ಈ ಕಾವಲುಗಾರನನ್ನು ಮನೆಗೆ ಕಳಿಸುವವರು ನಾವೇ. ಹೊಸ ನೆಟ್‌ವರ್ಕ್ ಸೇರಿದಾಗ ವಿಂಡೋಸ್‌ನಲ್ಲಿ ಪಬ್ಲಿಕ್, ಪ್ರೈವೇಟ್ ಎಂಬ ಎರಡು ಆಯ್ಕೆ ಇರುತ್ತವೆ. ಹೆಸರು ಕೇಳಿದರೆ ಪ್ರೈವೇಟೇ ಸುರಕ್ಷಿತ ಅನ್ನಿಸುತ್ತದೆ. ಹಾಗಲ್ಲ. ಪ್ರೈವೇಟ್ ಅಂದರೆ "ಇಲ್ಲಿರುವವರೆಲ್ಲ ನಮ್ಮ ಮನೆಯವರು" ಎಂದು ಹೇಳಿದ ಹಾಗೆ. ಹಾಸ್ಟೆಲಿನಲ್ಲಿ ಪಬ್ಲಿಕ್ ಎಂದೇ ಇಡಬೇಕು. ಸಿನಿಮಾ ಹಂಚಲು, ಗೇಮ್ ಆಡಲು ಅದನ್ನು ಬದಲಿಸಿ ಹಾಗೇ ಬಿಡುತ್ತಾರೆ. ಕಳ್ಳ ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಪ್ರೋಗ್ರಾಂಗಳಂತೂ ವಿಂಡೋಸ್‌ನ ಜೊತೆಗೇ ಬರುವ ವೈರಸ್ ಹಿಡಿಯುವ ಪ್ರೋಗ್ರಾಂ ಡಿಫೆಂಡರನ್ನೇ ಆಫ್ ಮಾಡಿ ಎನ್ನುತ್ತವೆ. ಅಂಥ ಪ್ರೋಗ್ರಾಂ ಎಂಥ ಗೆಳೆಯ ಕೊಟ್ಟರೂ ಬೇಡ. ಆಟೊಕ್ಯಾಡ್‌ನಂಥ ದುಬಾರಿ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಕಂಪನಿಯಿಂದಲೇ ಉಚಿತ ಇದೆ.

ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ನೋಡಿದ್ದೀರಾ? ನೆಲದಡಿ ಎರಡು ಕಿಲೋಮೀಟರಿಗೂ ಉದ್ದದ ಒಂದೇ ನೀರಿನ ದಾರಿ, ಮೇಲೆ ಅಲ್ಲಲ್ಲಿ ಬಾವಿಗಳು. ಮೇಲಿನಿಂದ ನೋಡಿದರೆ ಪ್ರತಿ ಬಾವಿಯೂ ಬೇರೆ. ಕೆಳಗೆ ನೀರು ಒಂದೇ. ಮೇಲಿನ ಬಾವಿಗೆ ಏನಾದರೂ ಬಿದ್ದರೆ ಕೆಳಗಿನವರೆಲ್ಲ ಕುಡಿಯಬೇಕು. ಹಾಸ್ಟೆಲಿನ ನೆಟ್‌ವರ್ಕೂ ಹಾಗೇ. ಖೋಲಿಗೆ ಗೋಡೆ ಇದೆ, ಬೀಗ ಇದೆ, ನೆಟ್‌ವರ್ಕಿಗೆ ಇಲ್ಲ. ಸುರಂಗದಲ್ಲಿ ನೀರು ಒಂದೇ ಕಡೆಗೆ ಹರಿಯುತ್ತದೆ, ಇಲ್ಲಿ ಎಲ್ಲ ಕಡೆಗೂ ಹರಿಯುತ್ತದೆ.

ನೆಟ್‌ವರ್ಕ್ ಬೇಡದೆಯೂ ಬರುವ ಒಂದು ಪೀಡೆ ಇದೆ, ಝೆರಾಕ್ಸ್ ಅಂಗಡಿಯದು. ಪೆನ್‌ಡ್ರೈವ್ ಹಾಕಿ ಅಸೈನ್‌ಮೆಂಟ್ ಪ್ರಿಂಟ್ ತೆಗೆಸಿ ಬರುತ್ತೀರಿ. ಖೋಲಿಗೆ ಬಂದು ನೋಡಿದರೆ ಫೋಲ್ಡರುಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತು. 2009ರ ವಿಂಡೋಸ್ 7ರಿಂದ ಪೆನ್‌ಡ್ರೈವಿನ ಪ್ರೋಗ್ರಾಂ ತಾನಾಗಿ ಓಡುವುದು ನಿಂತಿತು. ಹಾಗಾಗಿ ಅದು ಈಗ ನಮ್ಮ ಕೈಯಿಂದಲೇ ಓಡಿಸಿಕೊಳ್ಳುತ್ತದೆ. ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಜೊತೆಗೆ ವೈರಸ್ಸೂ ಓಡುತ್ತದೆ. ಬಾಣ ಕಂಡರೆ ಒತ್ತಬೇಡಿ, ಡಿಫೆಂಡರಿನಿಂದ ಸ್ಕ್ಯಾನ್ ಮಾಡಿ. ಪ್ರಿಂಟಿಗೆಂದೇ ಒಂದು ಬೇರೆ ಪೆನ್‌ಡ್ರೈವ್ ಇಟ್ಟುಕೊಂಡು, ಅದರಲ್ಲಿ ಬೇರೆ ಏನನ್ನೂ ಇಡದಿದ್ದರೆ ಒಳ್ಳೆಯದು.

ಹೋದ ತಿಂಗಳು ಹುಡುಗ ಫೋನ್ ಮಾಡಿದ. "ಮಾಮಾ, ನಮ್ಮ ಮಹಡ್ಯಾಗ ಯಾರಿಗೂ ನೆಟ್ ಬರ್ಲಾಕತ್ತಿಲ್ಲ. ವೈಫೈ ಹತ್ಯಾದ, ಆದ್ರ ಏನೂ ತೆರೀವಲ್ದು."

ಐಪಿ ನಂಬರ್, ಅಂದರೆ ನೆಟ್‌ವರ್ಕಿನಲ್ಲಿ ನಿನ್ನ ಲ್ಯಾಪ್‌ಟಾಪಿನ ವಿಳಾಸ, ಓದು ಎಂದೆ. ದಿನಾ 10ರಿಂದ ಶುರುವಾಗುತ್ತಿದ್ದದ್ದು ಅಂದು 192.168.0 ಎಂದಿತ್ತು. ನನಗೆ ಅಲ್ಲೇ ತಿಳಿಯಿತು. ಯಾರೋ ಮನೆಯ ರೌಟರ್ ತಂದು ಗೋಡೆಯ ನೆಟ್‌ವರ್ಕ್ ಸಾಕೆಟ್ಟಿಗೆ ಹಚ್ಚಿದ್ದಾರೆ, ವೈರನ್ನು ತಪ್ಪು ತೂತಿಗೆ ಹಾಕಿದ್ದಾರೆ. ನೆಟ್‌ವರ್ಕಿಗೆ ಹೊಸದಾಗಿ ಬಂದ ಕಂಪ್ಯೂಟರ್ "ನನಗೊಂದು ನಂಬರ್ ಕೊಡಿ, ಹೊರಗೆ ಹೋಗುವ ಗೇಟ್ ಎಲ್ಲಿದೆ ಹೇಳಿ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವನನ್ನೇ ನಂಬುತ್ತದೆ. ಆ ರೌಟರ್ ಕಾಲೇಜಿನ ಸರ್ವರಿಗಿಂತ ಮೊದಲು ಉತ್ತರ ಕೊಡುತ್ತಿತ್ತು. "ನಾನೇ ಗೇಟ್" ಎನ್ನುತ್ತಿತ್ತು. ಅದರ ಆಚೆ ದಾರಿಯೇ ಇರಲಿಲ್ಲ.

ನಂಬರಿನಿಂದ ಯಂತ್ರವನ್ನು ಪತ್ತೆ ಹಚ್ಚಲು ಬಳಸುವ ಎಆರ್‌ಪಿ ನಿಯಮವೂ ಹೀಗೇ ಕೂಗಿ ಕೇಳಿ ನಂಬುತ್ತದೆ. ಅದನ್ನು ಬರೆದದ್ದು 1982ರಲ್ಲಿ, ಒಬ್ಬರನ್ನೊಬ್ಬರು ಬಲ್ಲ ಕೆಲವೇ ಜನ ನೆಟ್‌ವರ್ಕ್ ಬಳಸುತ್ತಿದ್ದ ಕಾಲ. ಇವತ್ತು ಕೆಟ್ಟ ಉದ್ದೇಶದವನು "ನಾನೇ ಗೇಟ್" ಎಂದು ಹೇಳಿ, ಬಂದದ್ದನ್ನೆಲ್ಲ ಓದಿಕೊಂಡು ಮುಂದೆ ಕಳಿಸಿದರೆ? ನೆಟ್ ನಡೆಯುತ್ತಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಮ್ಮನ್ನು ಅಲ್ಲಿ ಕಾಯುವುದು ಎಚ್‌ಟಿಟಿಪಿಎಸ್, ಸೈಟಿನ ವಿಳಾಸದ ಮೊದಲಲ್ಲಿ ಬರುವ https. ಬ್ಯಾಂಕಿಗೆ, ಸ್ಕಾಲರ್‌ಶಿಪ್ ಸೈಟಿಗೆ ಹೋಗುವ ಪತ್ರ ಅಂಟಿಸಿದ ಲಕೋಟೆಯಲ್ಲಿ ಹೋಗುತ್ತದೆ. ನಡುವಿನವನಿಗೆ ಯಾರಿಗೆ ಬರೆದದ್ದು ಅಂತ ಕಾಣಬಹುದು, ಏನು ಬರೆದಿದೆ ಅಂತ ಕಾಣುವುದಿಲ್ಲ. ಲಕೋಟೆ ಒಡೆಯಲು ನೋಡಿದರೆ ಬ್ರೌಸರ್ ಸಂಪರ್ಕ ಸುರಕ್ಷಿತವಲ್ಲ ಎಂದು ಎಚ್ಚರಿಕೆ ಕೊಟ್ಟು ನಿಲ್ಲಿಸುತ್ತದೆ. ಹಣದ ಕೆಲಸದಲ್ಲಿ ಆ ಎಚ್ಚರಿಕೆ ಬಂದರೆ ದಾಟಿ ಮುಂದೆ ಹೋಗಲೇಬಾರದು. ಎಚ್‌ಟಿಟಿಪಿಎಸ್ ಇದ್ದ ಮಾತ್ರಕ್ಕೆ ಸೈಟ್ ಸಾಚಾ ಅಂತಲೂ ಅಲ್ಲ, ನಕಲಿ ಸೈಟಿನವರೂ ಲಕೋಟೆ ಅಂಟಿಸುತ್ತಾರೆ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರೌಟರ್ ಸಿಕ್ಕಿದ್ದು ಮೂಲೆಯ ಖೋಲಿಯಲ್ಲಿ. ಅಲ್ಲಿಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲ, ಪಾಪ, ಆ ಹುಡುಗ ಮನೆಯಿಂದ ತಂದಿದ್ದ. ವೈರ್ ಕಿತ್ತರು. ಎಲ್ಲರೂ ಒಮ್ಮೆ ವೈಫೈ ಆಫ್ ಮಾಡಿ ಮತ್ತೆ ಹಚ್ಚಿದರು. ನಂಬರ್ ಮತ್ತೆ 10ರಿಂದ ಶುರುವಾಯಿತು.