ಡಸ್ಟ್ ಕಲೆಕ್ಟರ್ ಜೋಡಿಸಲು ಎರಡು ಗಂಟೆ, ಸೋರದಂತೆ ಮಾಡಲು ಒಂದು ದಿನ

ಮರಗೆಲಸದವರು ಡಸ್ಟ್ ಕಲೆಕ್ಟರ್, ಅಂದರೆ ಮರದ ಧೂಳು ಎಳೆದುಕೊಳ್ಳುವ ಯಂತ್ರ, ಕೊಳ್ಳುವಾಗ ಮೊದಲು ಬೆಲೆ ಕೇಳುತ್ತಾರೆ. ಆಮೇಲೆ ಕೇಳುವುದು, ‘ಜೋಡಿಸೋಕೆ ಎಷ್ಟು ಹೊತ್ತು ಹಿಡಿಯುತ್ತೆ?’ ಅಂತ. 2 ಎಚ್‌ಪಿ ಮೋಟಾರು, ಮೇಲೆ ಬಟ್ಟೆ ಚೀಲ, ಕೆಳಗೆ ಪ್ಲಾಸ್ಟಿಕ್ ಚೀಲ ಇರುವ ಸಾಮಾನ್ಯ ಕಿಟ್ ಆದರೆ ಇಬ್ಬರು ಸೇರಿ ಸುಮಾರು ಎರಡು ಗಂಟೆಯಲ್ಲಿ ಜೋಡಿಸಿ ನಿಲ್ಲಿಸಬಹುದು. ಆದರೂ ಆ ದಿನ ಬೇರೆ ಕೆಲಸ ಒಪ್ಪಿಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ತಳಕ್ಕೆ ಚಕ್ರ ಕೂರಿಸುವುದು ಕಾಲು ಗಂಟೆ ಕೆಲಸ. ಮೋಟಾರು, ಬ್ಲೋವರ್ (ಗಾಳಿ ಎಳೆಯುವ ಫ್ಯಾನ್) ಭಾರ. ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಬೋಲ್ಟ್ ಹಾಕಬೇಕು. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಸಡಿಲವಾಗಿ ಹಾಕಿ, ತೂತುಗಳು ಸರಿಯಾಗಿ ಕೂತ ಮೇಲೆ ಬಿಗಿ ಮಾಡಿ. ಕರೆಂಟ್ ಕೊಡುವ ಮೊದಲು ಇಂಪೆಲ್ಲರನ್ನು (ಬ್ಲೋವರ್ ಒಳಗಿನ ರೆಕ್ಕೆಗಳಿರುವ ಚಕ್ರ) ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲೂ ಉಜ್ಜಬಾರದು.

ಹೊತ್ತು ತಿನ್ನುವುದು ಸಂದುಗಳು. ತಿನ್ನಲಿ ಬಿಡಿ, ಅಲ್ಲಿ ಆತುರ ಬೇಡ. ಈ ಮಾದರಿಯ ಯಂತ್ರದಲ್ಲಿ ಬ್ಲೋವರ್ ಗಾಳಿಯನ್ನು ಎಳೆದು ಚೀಲಗಳ ಕಡೆಗೆ ತಳ್ಳುತ್ತದೆ. ಎಳೆಯುವ ಕಡೆ ಸಂದು ಬಿಟ್ಟರೆ ಸೆಳೆತ ಕಡಿಮೆಯಾಗುತ್ತದೆ, ಅಷ್ಟೇ. ತಳ್ಳುವ ಕಡೆ ಸಂದು ಬಿಟ್ಟರೆ ಅತಿ ಸಣ್ಣ ಧೂಳು ನೇರ ನಿಮ್ಮ ಕೋಣೆಗೆ ಹಾರುತ್ತದೆ. ದಪ್ಪ ಹೊಟ್ಟು ಚೀಲದಲ್ಲಿ ತುಂಬಿರುತ್ತದೆ, ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ ಅನಿಸುತ್ತದೆ. ಎದೆಯೊಳಗೆ ಇಳಿಯುವ ಧೂಳು ಮಾತ್ರ ಹೊರಗೇ ಇರುತ್ತದೆ. ಹಾಗಾಗಿ ಫೋಮ್ ಟೇಪನ್ನು ಬೋಲ್ಟ್ ತೂತುಗಳ ಒಳಬದಿಗೆ, ಎಲ್ಲೂ ಕಡಿಯದಂತೆ ಸುತ್ತ ಅಂಟಿಸಿ. ತುದಿ ಸೇರುವ ಕಡೆ ಒಂದಿಷ್ಟೂ ಬಿರುಕು ಇರಬಾರದು. ಪ್ಲಾಸ್ಟಿಕ್ ಚೀಲದ ಬಾಯಿ ಮಡಿಕೆ ಬೀಳದಂತೆ ರಿಂಗಿಗೆ ಸುತ್ತಿ ಪಟ್ಟಿ ಬಿಗಿಯುವುದಕ್ಕೆ ತಾಳ್ಮೆ ಬೇಕು. ಇಲ್ಲೂ ನಾಲ್ಕು ಕೈ ಇದ್ದರೆ ಸುಲಭ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಪ್ರಕಟಿಸಿದ ವರದಿಯಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲಿನ ಸೈನಸ್‌ಗಳ ಕ್ಯಾನ್ಸರ್. ನಮ್ಮ ಕಡೆ ಜಾಸ್ತಿ ಬಳಸುವ ಬೀಟೆ, ತೇಗದ ಧೂಳಿನಿಂದ ಕೆಲವರಿಗೆ ಚರ್ಮದ ಅಲರ್ಜಿಯೂ ಆಗುತ್ತದೆ. ‘ನಮ್ಮಪ್ಪ ಜೀವನವೆಲ್ಲ ಇದೇ ಧೂಳಲ್ಲಿ ಇದ್ರು, ಏನಾಯ್ತು?’ ಎನ್ನುವವರಿದ್ದಾರೆ. ಅಪ್ಪನ ಕಾಲದಲ್ಲಿ ಮರ ಉಜ್ಜಿ ನಯ ಮಾಡುತ್ತ ಇಡೀ ದಿನ ಓಡುವ ಸ್ಯಾಂಡರ್ ಇರಲಿಲ್ಲ, ಮರದ ನಾರು ಅಂಟಿಸಿ ಮಾಡುವ ಎಂಡಿಎಫ್ ಹಲಗೆ ಕೂಡ ಇರಲಿಲ್ಲ.

ಇನ್ನು ಕರೆಂಟು. ಸಿಂಗಲ್ ಫೇಸ್ ಯಂತ್ರಕ್ಕೆ 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ಶುರುವಾಗುವ ಕ್ಷಣದಲ್ಲಿ ಮೋಟಾರು ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಸಣ್ಣ ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಲೇಬೇಡಿ. ತ್ರೀ ಫೇಸ್ ಆದರೆ ತಿರುಗುವ ದಿಕ್ಕು ನೋಡಿ. ಈ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಎಳೆಯುತ್ತದೆ, ಆದರೆ ಸೆಳೆತ ತೀರಾ ಕಡಿಮೆ. ಎಳೆಯುತ್ತಿದೆಯಲ್ಲ ಎಂದು ಸುಮ್ನೆ ಬಿಟ್ಟುಬಿಡುವುದು ಸಾಮಾನ್ಯ. ಕವಚದ ಮೇಲಿನ ಬಾಣದ ಗುರುತಿಗೆ ತಾಳೆ ನೋಡಿ. ಉಲ್ಟಾ ಇದ್ದರೆ ಎಲೆಕ್ಟ್ರಿಷಿಯನ್ ಎರಡು ಫೇಸ್ ಅದಲು ಬದಲು ಮಾಡಿ ಕೊಡುತ್ತಾರೆ.

ದಿನದ ಉಳಿದ ಹೊತ್ತು ಮರಗೆಲಸದ ಯಂತ್ರದಿಂದ ಧೂಳು ತರುವ ಪೈಪಿಗೆ. 6 ಇಂಚಿನ ಪೈಪಿನ ಬಾಯಿ 4 ಇಂಚಿನದ್ದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು. ಮುಖ್ಯ ಲೈನಿಗೆ ದೊಡ್ಡ ಪೈಪ್ ಇರಲಿ. ಸುರುಳಿ ಹೋಸಿನ ಒಳಗೆ ಗಾಳಿಗೆ ತಡೆ ಜಾಸ್ತಿ, ಅದನ್ನು ಕೊನೆಯ ಒಂದೆರಡು ಅಡಿಗೆ ಮಾತ್ರ ಬಳಸಿ. ಒಂದೇ ಮರಗೆಲಸದ ಯಂತ್ರಕ್ಕೆ ಜೋಡಿಸುವುದಾದರೆ ಇದು ಅದೇ ದಿನ ಮುಗಿಯುತ್ತದೆ. ಮೂರ್ನಾಲ್ಕು ಯಂತ್ರಕ್ಕೆ ಲೈನ್ ಎಳೆಯುವುದಾದರೆ, ಅಥವಾ ಸೈಕ್ಲೋನ್ ಕಿಟ್ (ಗಾಳಿಯನ್ನು ಸುತ್ತಿಸಿ ಹೊಟ್ಟು ಬೇರೆ ಮಾಡುವ ಮಾದರಿ) ತಂದಿದ್ದರೆ, ಎರಡು ದಿನ ಎತ್ತಿಡಿ. ಸಂದಿಗೆ ಸಿಲಿಕೋನ್ ಹಾಕಿದ್ದರೆ ಅದು ಒಣಗಲೂ ಒಂದು ದಿನ ಬೇಕು.

ಮರುದಿನ ಒಂದಿಷ್ಟು ಮರ ಕೊಯ್ದ ಮೇಲೆ ಲೈಟ್ ಆರಿಸಿ, ಟಾರ್ಚ್ ಅನ್ನು ಸಂದುಗಳ ಪಕ್ಕದಿಂದ ಹಾಯಿಸಿ. ಸೋರುತ್ತಿದ್ದರೆ ಧೂಳಿನ ಎಳೆ ಕಾಣುತ್ತದೆ. ಹೊಸ ಬಟ್ಟೆ ಚೀಲದ ಮೈಯಿಂದಲೂ ಶುರುವಿನಲ್ಲಿ ಸ್ವಲ್ಪ ಧೂಳು ಹೊರಬರುತ್ತದೆ. ಒಳಗೆ ಧೂಳಿನ ಪದರ ಕಟ್ಟಿಕೊಂಡ ಮೇಲೆ ಅದು ಕಡಿಮೆಯಾಗುತ್ತದೆ. ಅಲ್ಲಿವರೆಗಂತೂ ಎನ್95 ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ.