ಕೇಳಿದ ಮೇಲೆ ಸಿಕ್ಕ ಲೆಕ್ಕ

“ನಮ್ಮ ಕಡೆ ಅದೆಲ್ಲ ಕಡಿಮೆ ಮಾರಾಯ್ರೆ, ಇದು ಬುದ್ಧಿವಂತರ ಜಿಲ್ಲೆ.” ಹೆಂಡತಿಗೆ ಹೊಡೆಯುವ ವಿಷಯ ಬಂದರೆ ಮಂಗಳೂರಿನಲ್ಲಿ ಈ ಮಾತು ಬಂದೇ ಬರುತ್ತದೆ. ಉಡುಪಿಯವರೂ ಹೆಚ್ಚುಕಮ್ಮಿ ಹೀಗೇ ಹೇಳುತ್ತಾರೆ. ನಿಜ ಇರಬಹುದು. ಆದರೆ ಹಾಗೆ ಹೇಳಲು ಲೆಕ್ಕ ಬೇಕಲ್ವಾ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರತಿ ಜಿಲ್ಲೆಗೂ ಒಂದು ವರದಿ ಕೊಡುತ್ತದೆ. ಲಸಿಕೆ, ಶೌಚಾಲಯ, ರಕ್ತಹೀನತೆ ಎಲ್ಲ ಅದರಲ್ಲಿದೆ. ಗಂಡನ ಪೆಟ್ಟಿನ ಪ್ರಶ್ನೆಗಳನ್ನು ಮಾತ್ರ ಆಯ್ದ ಕೆಲವೇ ಮನೆಗಳಲ್ಲಿ ಕೇಳುತ್ತಾರೆ. ಹಾಗಾಗಿ ಆ ಅಂಕಿ ರಾಜ್ಯಮಟ್ಟದಲ್ಲೇ ನಿಲ್ಲುತ್ತದೆ, ದಕ್ಷಿಣ ಕನ್ನಡದ ತನಕ ಇಳಿಯುವುದಿಲ್ಲ.

ರಾಜ್ಯದ ಅಂಕಿ ನೋಡಿದರೆ ಗಾಬರಿಯಾಗುತ್ತದೆ. 2015–16ರಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 20.6 ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದಿದ್ದರು. 2019–21ರ ಸುತ್ತಿನಲ್ಲಿ ಅದು ಶೇ. 44.4. ಹೊಡೆತವೇ ದುಪ್ಪಟ್ಟಾಯಿತೋ, ಬಾಯಿಬಿಟ್ಟು ಹೇಳಿದವರು ಜಾಸ್ತಿಯಾದರೋ? ಅಂಕಿಯನ್ನಷ್ಟೇ ಹಿಡಿದುಕೊಂಡು ತೀರ್ಮಾನ ಹೇಳುವವರನ್ನು ನಾನು ನಂಬುವುದಿಲ್ಲ. ಯಾಕೆಂದರೆ ಈ ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನು ಜಗತ್ತು ಕಲಿತದ್ದೇ ತೀರಾ ತಡವಾಗಿ.

1979ರಲ್ಲಿ ವಿಶ್ವಸಂಸ್ಥೆ ಮಹಿಳೆಯರ ವಿರುದ್ಧದ ತಾರತಮ್ಯ ತೊಡೆಯುವ ಒಪ್ಪಂದ ಮಾಡಿತು. ಮತದಾನ, ಶಿಕ್ಷಣ, ಕೆಲಸ, ಮದುವೆ, ಮಹಿಳೆಯರ ಸಾಗಾಟ ಎಲ್ಲದರ ಮಾತೂ ಅದರಲ್ಲಿತ್ತು. ಮನೆಯೊಳಗಿನ ಹೊಡೆತದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ಗಂಡ ಹೆಂಡತಿಯ ಜಗಳ, ಸರಕಾರಗಳಿಗೇನು ಕೆಲಸ ಎಂಬ ಭಾವನೆ. ಈ ಹಿಂಸೆಯೂ ತಾರತಮ್ಯವೇ ಎಂದು ಒಪ್ಪಂದದ ಸಮಿತಿ ಬಿಡಿಸಿ ಹೇಳುವಾಗ 1992 ಆಗಿತ್ತು. ಮರುವರ್ಷ ವಿಯೆನ್ನಾದ ಮಾನವ ಹಕ್ಕು ಸಮ್ಮೇಳನಕ್ಕೆ ಹೆಂಗಸರು ದೇಶದೇಶಗಳಿಂದ ಬಂದು ಒತ್ತಡ ಹಾಕಿದರು. ಡಿಸೆಂಬರಿನಲ್ಲಿ ಮಹಿಳೆಯರ ಮೇಲಿನ ಹಿಂಸೆ ತೊಡೆಯಬೇಕೆಂಬ ವಿಶ್ವಸಂಸ್ಥೆಯ ಘೋಷಣೆ ಬಂತು. 1994ರಲ್ಲಿ ಈ ವಿಷಯಕ್ಕೇ ಒಬ್ಬ ವಿಶೇಷ ವರದಿಗಾರರು, ಅಂದರೆ ವಿಚಾರಿಸಿ ವಿಶ್ವಸಂಸ್ಥೆಗೆ ವರದಿ ಕೊಡುವ ತಜ್ಞರು, ನೇಮಕವಾದರು. ಮೊದಲನೆಯವರು ಪಕ್ಕದ ಶ್ರೀಲಂಕಾದ ರಾಧಿಕಾ ಕುಮಾರಸ್ವಾಮಿ.

ಭಾರತ 1993ರಲ್ಲಿ ಆ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿತು. ಸುಮ್ನೆ ಕಾಗದದಲ್ಲಿ ಉಳಿಯಲಿಲ್ಲ ಅದು. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಆಧಾರ ಮಾಡಿಕೊಂಡು ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ನಿಯಮ ಹಾಕಿತು.

ಆದರೂ ಎಷ್ಟು ಹೆಂಗಸರು ಪೆಟ್ಟು ತಿನ್ನುತ್ತಿದ್ದಾರೆ ಎಂದು ದೇಶದೇಶಗಳನ್ನು ಹೋಲಿಸಿ ನೋಡುವಂಥ ಲೆಕ್ಕ ಇರಲಿಲ್ಲ. ಪೊಲೀಸ್ ದೂರುಗಳನ್ನು ಎಣಿಸಿದರೆ ಠಾಣೆಯ ಮೆಟ್ಟಿಲು ಹತ್ತಿದವರು ಮಾತ್ರ ಸಿಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮನೆಮನೆಗೆ ಹೋಯಿತು. ಹತ್ತು ದೇಶಗಳ 24,000ಕ್ಕೂ ಹೆಚ್ಚು ಹೆಂಗಸರನ್ನು ಮಾತಾಡಿಸಿ 2005ರಲ್ಲಿ ವರದಿ ತಂದಿತು. ಗಂಡನಿಂದಲೋ ಸಂಗಾತಿಯಿಂದಲೋ ಹಿಂಸೆ ಅನುಭವಿಸಿದವರು ಜಪಾನಿನ ಒಂದು ನಗರದಲ್ಲಿ ಶೇ. 15, ಇಥಿಯೋಪಿಯಾದ ಹಳ್ಳಿಗಾಡಿನಲ್ಲಿ ಶೇ. 71.

ನನಗೆ ಹೆಚ್ಚು ಹಿಡಿಸಿದ್ದು ಅವರು ಕೇಳಿದ ರೀತಿ. ಊರಿನಲ್ಲಿ ಹೇಳಿಕೊಂಡದ್ದು ಇದು ಹೆಂಗಸರ ಆರೋಗ್ಯದ ಸಮೀಕ್ಷೆ ಅಂತ. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳಬೇಕು, ಅದೂ ಒಂಟಿಯಾಗಿ. “ನಿಮ್ಮ ಮೇಲೆ ದೌರ್ಜನ್ಯ ಆಗಿದೆಯೇ?” ಎಂದು ಕೇಳುವಂತಿಲ್ಲ. ಹಾಗೆ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಕೆನ್ನೆಗೆ ಹೊಡೆದದ್ದುಂಟಾ? ದೂಡಿದ್ದುಂಟಾ? ಕೂದಲು ಹಿಡಿದು ಎಳೆದದ್ದು? ಒದ್ದದ್ದು? ಹೀಗೆ ಒಂದೊಂದೇ. ನಡುವೆ ಯಾರಾದರೂ ಬಂದರೆ ಮಾತು ತಿರುಗಿಸಲು ಬೇರೆ ಪ್ರಶ್ನೆಗಳ ಹಾಳೆ ಕೈಯಲ್ಲೇ ಸಿದ್ಧ. ಪೆಟ್ಟು ತಿಂದವರಲ್ಲಿ ಕಡಿಮೆ ಅಂದರೂ ಐದರಲ್ಲೊಬ್ಬಳು ಅದನ್ನು ಮೊದಲ ಬಾರಿಗೆ ಹೇಳಿದ್ದು ಪ್ರಶ್ನೆ ಕೇಳಲು ಬಂದ ಆ ಅಪರಿಚಿತೆಯ ಹತ್ತಿರ.

ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದೂ ಇದೇ ಕ್ರಮ. ಏಕಾಂತ ಸಿಗದಿದ್ದರೆ ಆ ಭಾಗ ಬಿಟ್ಟೇಬಿಡಬೇಕು. ಅತ್ತೆ, ನಾದಿನಿ, ನೆರೆಮನೆಯವರೆಲ್ಲ ಸೇರಿ ಬೀಡಿ ಕಟ್ಟುವ ಜಗಲಿಯಲ್ಲಿ ಏಕಾಂತ ಹುಡುಕುವುದು ಎಂಥ ಕೆಲಸ ಎಂದು ಉಳ್ಳಾಲ, ಬಂಟ್ವಾಳದ ಕಡೆಯವರಿಗೆ ಹೇಳಬೇಕಾಗಿಲ್ಲ.

“ನಮ್ಮಲ್ಲಿ ಅಳಿಯಸಂತಾನ, ಹೆಣ್ಣಿಗೆ ಮೊದಲಿಂದಲೂ ಬಲ” ಎಂಬ ಇನ್ನೊಂದು ವಾದವೂ ಉಂಟು. ಅಳಿಯಸಂತಾನ ಅಂದರೆ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಕಟ್ಟು. ಆ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ಕೇರಳದ ತಿರುವನಂತಪುರದಲ್ಲಿ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಸ್ವಂತ ಹೆಸರಿನಲ್ಲಿ ಜಾಗವೂ ಮನೆಯೂ ಇಲ್ಲದ ಹೆಂಗಸರಲ್ಲಿ ಶೇ. 49 ಮಂದಿ ಗಂಡನ ಪೆಟ್ಟು ತಿಂದಿದ್ದರು. ಎರಡೂ ಇದ್ದವರಲ್ಲಿ ಶೇ. 7 ಮಾತ್ರ. ಹೊರಟುಹೋಗಲು ಒಂದು ಮನೆ ಇದೆ ಎಂದು ಗೊತ್ತಿದ್ದರೆ ಗಂಡನ ಕೈ ತಡೆಯುತ್ತದೆ. ಆದರೆ ಅಳಿಯಸಂತಾನ ಎಲ್ಲ ಜಾತಿಗಳದಲ್ಲ. ಇದ್ದ ಕಡೆಯೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿ. ಕುಟುಂಬದ ಆಸ್ತಿ ಪಾಲಾಗಿ, ವರದಕ್ಷಿಣೆ ಒಳಗೆ ಬಂದ ಮೇಲೆ ಆ ಬಲ ಎಷ್ಟು ಉಳಿದಿದೆ?

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೈ ಹಾಕಿದ್ದು ಇಲ್ಲಿಗೇ. ಮನೆ ಯಾರ ಹೆಸರಿನಲ್ಲೇ ಇರಲಿ, ಕಾನೂನಿನ ಕ್ರಮವಿಲ್ಲದೆ ಹೆಂಡತಿಯನ್ನು ಹೊರಗೆ ಹಾಕುವಂತಿಲ್ಲ. ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಕೋರ್ಟು ಅಲೆದವರು ಇದನ್ನು ಓದಿದರೆ ನಕ್ಕಾರು. ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕಾದವರು ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ಆ ಹೊಣೆ ಬಿದ್ದದ್ದು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಲೆ. ಅಂಗನವಾಡಿಗಳ ಹಾಲು, ಮೊಟ್ಟೆ, ಹಾಜರಿ ನೋಡುವವರೂ ಅವರೇ.